ಪ್ಯಾಂಕ್ರಿಯಾಸ್ ಕ್ಯಾನ್ಸರ್: ಮಾತ್ರೆ ಡಬ್ಬಿ, ಮುಡಿಪಿನ ಗಂಟು

ಕಣ್ಣು ಹಳದಿಯಾದರೆ ನಮ್ಮ ಊರುಗಳಲ್ಲಿ ಮೊದಲು ನೆನಪಾಗುವುದು ಕಾಮಾಲೆಗೆ ಸೊಪ್ಪು ಅರೆದು ಕೊಡುವವರು. ಮೂರು ದಿನ ಖಾಲಿ ಹೊಟ್ಟೆಗೆ ರಸ, ಉಪ್ಪು ಖಾರ ಜಿಡ್ಡು ಬಿಟ್ಟು ಪಥ್ಯ, ಕೆಲವು ಕಡೆ ತೋಳಿಗೆ ಬರೆ. ಸೋಂಕಿನಿಂದ ಬಂದ ಕಾಮಾಲೆ ಬಹುತೇಕರಿಗೆ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿಗೆ ಹೋಗುತ್ತದೆ. ಆದರೆ ಐವತ್ತು ದಾಟಿದವರಿಗೆ ನೋವಿಲ್ಲದೆ ಕಣ್ಣು ಹಳದಿಯಾಗಿ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿ, ಮಲ ಸುಣ್ಣದ ಹಾಗೆ ಬಿಳಿಚಿಕೊಂಡು, ಮೈಯೆಲ್ಲ ತುರಿಕೆ ಎದ್ದರೆ ಪಿತ್ತನಾಳ ಎಲ್ಲೋ ಕಟ್ಟಿಕೊಂಡಿದೆ ಎಂದರ್ಥ. ಕಟ್ಟಿದ್ದು ಕಲ್ಲಿರಬಹುದು, ಪ್ಯಾಂಕ್ರಿಯಾಸಿನ ತಲೆಯಲ್ಲಿ ಎದ್ದ ಗಡ್ಡೆಯೂ ಇರಬಹುದು. ಯಾವುದೆಂದು ಹೇಳುವುದು ಅಲ್ಟ್ರಾಸೌಂಡ್, ಆಮೇಲೆ ಸಿ.ಟಿ. ಸ್ಕ್ಯಾನ್. ಪಥ್ಯದಲ್ಲಿ ಕಳೆದ ಆ ಮೂರು ನಾಲ್ಕು ವಾರ ಮಾತ್ರ ವಾಪಸ್ ಬರುವುದಿಲ್ಲ.

ಪ್ಯಾಂಕ್ರಿಯಾಸ್, ಪುಸ್ತಕದ ಕನ್ನಡದಲ್ಲಿ ಮೇದೋಜೀರಕ ಗ್ರಂಥಿ, ಜಠರದ ಹಿಂದೆ ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ ಅಂಗ. ಅಷ್ಟು ಒಳಗಿರುವುದರಿಂದ ಗಡ್ಡೆ ಬೆಳೆದರೂ ಕೈಗೆ ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಗೆ ಒದಗುವವರು ನೂರಕ್ಕೆ ಹದಿನೈದು ಇಪ್ಪತ್ತು ಜನ. ಅಮೆರಿಕದ ಲೆಕ್ಕದಲ್ಲಿ ಐದು ವರ್ಷ ದಾಟುವವರು ನೂರಕ್ಕೆ 13. ಈ ಅಂಕಿ ಹೇಳಿದ್ದು ಹೆದರಿಸಲು ಅಲ್ಲ. "ಮೊದಲು ಚಿಕಿತ್ಸೆ ಮುಗಿಯಲಿ, ಮಿಕ್ಕಿದ್ದು ಆಮೇಲೆ ನೋಡೋಣ" ಎನ್ನುವ ವ್ಯವಧಾನ ಈ ಕಾಯಿಲೆಯಲ್ಲಿ ಸಿಗುವುದು ಕಡಿಮೆ. ಕಿಮೋ, ನೋವಿನ ಮಾತ್ರೆ, ಹರಕೆ, ಮಕ್ಕಳ ಜೊತೆ ಆಡಬೇಕಾದ ಮಾತು, ದೇವರ ಜೊತೆಗಿನ ಜಗಳ ಎಲ್ಲವೂ ಒಂದೇ ಕ್ಯಾಲೆಂಡರಿನಲ್ಲಿ ನಡೆಯಬೇಕು. ಯಾವುದನ್ನು ಯಾವ ವಾರಕ್ಕೆ ಇಟ್ಟುಕೊಳ್ಳಬೇಕು ಎಂಬುದೇ ಇಲ್ಲಿ ಹೇಳಹೊರಟಿರುವುದು.

ಮೊದಲ ತೊಡಕು ಮನೆಯೊಳಗೇ ಇರುತ್ತದೆ. "ಅಪ್ಪಾಜಿಗೆ ಹೇಳ್ಬೇಡಿ ಡಾಕ್ಟ್ರೇ, ಎದೆ ಒಡ್ಕೊಂಡ್ಬಿಡ್ತಾರೆ" ಎಂದು ಮಗ ಬಾಗಿಲಾಚೆ ಹೇಳುತ್ತಿರುತ್ತಾನೆ. ಒಳಗೆ ಅಪ್ಪ, "ಹುಡುಗ್ರಿಗೆ ಗೊತ್ತಾಗೋದು ಬೇಡ ಸಿಸ್ಟರ್" ಅನ್ನುತ್ತಿರುತ್ತಾರೆ. ಕ್ಯಾನ್ಸರ್ ವಾರ್ಡಿನಲ್ಲಿ ಓಡಾಡಿದ ಯಾರಿಗೂ ಇದು ಹೊಸದಲ್ಲ. ಇಬ್ಬರಿಗೂ ಗೊತ್ತು, ಇಬ್ಬರೂ ಒಂಟಿ. ಹೀಗೆ ಮುಚ್ಚಿಟ್ಟ ಮನೆಗಳಲ್ಲಿ ರೋಗಿ ಯಾವ ಸ್ವಾಮಿಗಳನ್ನು ನೋಡಬೇಕು, ಯಾರ ಕ್ಷಮೆ ಕೇಳಬೇಕು, ಯಾವ ಹರಕೆ ಬಾಕಿ ಇದೆ ಎಂದು ಹೇಳುವ ಅವಕಾಶವೇ ಬರುವುದಿಲ್ಲ. ಹೇಳುವ ಕ್ರಮ ಸರಳ: ಹೇಳುವ ಮೊದಲು ಕೇಳಬೇಕು. "ಡಾಕ್ಟ್ರು ಹೇಳಿದ್ದು ನಿಮಗೆ ಏನು ಅರ್ಥ ಆಯ್ತು?" "ಎಲ್ಲಾ ವಿವರ ನಿಮಗೇ ಹೇಳ್ಬೇಕಾ, ಅಥವಾ ಮಗಳ ಹತ್ರ ಮಾತಾಡ್ಲಾ?" ಎರಡನೆಯದಕ್ಕೆ "ಮಗಳಿಗೇ ಹೇಳಿ" ಎಂದರೆ ಅದೂ ಸರಿಯಾದ ಉತ್ತರವೇ; ಆಗ ನಿರ್ಧಾರ ಅವರದ್ದಾಗಿರುತ್ತದೆ. ಒಂದೇ ಸಲಕ್ಕೆ ಎಲ್ಲ ಹೇಳಬೇಕಾಗಿಲ್ಲ. "ಎಷ್ಟು ದಿನ?" ಎಂದು ಕೇಳಿದರೆ ತಾರೀಖು ಹೇಳುವವರನ್ನು ನಂಬಬೇಡಿ. "ವರ್ಷಗಳೋ, ತಿಂಗಳುಗಳೋ, ವಾರಗಳೋ" ಎಂಬಷ್ಟು ಅಂದಾಜು ಸಾಕು, ವೈದ್ಯರೂ ಪ್ರಾಮಾಣಿಕವಾಗಿ ಹೇಳಬಲ್ಲದ್ದು ಅಷ್ಟೇ.

ಎರಡನೆಯದು ಉಪಶಾಮಕ ಆರೈಕೆ, ಅಂದರೆ ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್. ಇದನ್ನು ಕೊನೆಯ ವಾರದ ಏರ್ಪಾಡು ಎಂದುಕೊಂಡಿರುವುದು ದೊಡ್ಡ ತಪ್ಪು. 2010ರಲ್ಲಿ ಅಮೆರಿಕದಲ್ಲಿ ಮುಂದುವರಿದ ಶ್ವಾಸಕೋಶದ ಕ್ಯಾನ್ಸರಿನವರ ಮೇಲೆ ನಡೆದ ಅಧ್ಯಯನದಲ್ಲಿ, ಶುರುವಿನಿಂದಲೇ ಈ ಆರೈಕೆ ಪಡೆದವರಲ್ಲಿ ಖಿನ್ನತೆ ಕಡಿಮೆಯಿತ್ತು. ಅವರು ಬದುಕಿದ್ದು ಸರಾಸರಿ 11.6 ತಿಂಗಳು, ಪಡೆಯದವರು 8.9 ತಿಂಗಳು. ಅದು ಬೇರೆ ಅಂಗದ ಕ್ಯಾನ್ಸರ್ ನಿಜ. ಆದರೆ ನೋವು, ವಾಂತಿ, ತೂಕ ಇಳಿತ, ಮಂಕು ಎಲ್ಲ ಒಟ್ಟಿಗೇ ಬರುವ ಪ್ಯಾಂಕ್ರಿಯಾಸ್ ರೋಗಿಗೆ ಇದರ ಅಗತ್ಯ ಇನ್ನೂ ಬೇಗ ಬೀಳುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನೋವು ಮತ್ತು ಉಪಶಾಮಕ ವಿಭಾಗವಿದೆ. ಬೆಂಗಳೂರಿನದೇ ಕರುಣಾಶ್ರಯ ಹಾಸಿಗೆಗೂ ಔಷಧಿಗೂ ಹಣ ತೆಗೆದುಕೊಳ್ಳುವುದಿಲ್ಲ, ಮನೆಗೆ ಬಂದು ನೋಡುವ ತಂಡವೂ ಅವರಲ್ಲಿದೆ. ಮೊದಲ ಕಿಮೋ ಹಾಕಿಸುವ ವಾರದಲ್ಲೇ ಇಂಥ ಒಂದು ಕಡೆ ಹೆಸರು ಬರೆಸಿ ಫೈಲ್ ಮಾಡಿಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ ನೋವು ಏರಿದಾಗ ಹೊಸ ಫೈಲ್ ಮಾಡಿಸಲು ಆಗುವುದಿಲ್ಲ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇವೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ ಶೇ. 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡ್, ಆಧಾರ್, ಬಯಾಪ್ಸಿ ವರದಿ ಇವಿಷ್ಟರ ಐದು ಸೆಟ್ ಜೆರಾಕ್ಸ್ ಹಿಡಿದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಕೌಂಟರಿಗೆ ಹೋಗಬೇಕು. ಚಿಕಿತ್ಸೆ ಶುರುವಾಗುವ ಮೊದಲೇ ಮಂಜೂರಾತಿ ಬರಬೇಕು. ಕೈಯಿಂದ ಕಟ್ಟಿ ಆಮೇಲೆ ಬಿಲ್ಲು ಹಿಡಿದು ಹೋಗುವ ಯೋಜನೆ ಅಲ್ಲ ಇದು. ಕಲಬುರಗಿ, ರಾಯಚೂರು ಕಡೆಯಿಂದ ರೈಲಿನಲ್ಲಿ ಬರುವವರು ಆಸ್ಪತ್ರೆಯಿಂದ ರಿಯಾಯಿತಿ ಫಾರಂ ಬರೆಸಿಕೊಳ್ಳಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎ.ಸಿ.ಯಲ್ಲಿ ಪೂರ್ತಿ ವಿನಾಯಿತಿ, ಜೊತೆಗಿರುವ ಒಬ್ಬರಿಗೆ ಮುಕ್ಕಾಲು ಪಾಲು.

ಇನ್ನು ನಂಬಿಕೆಯೂ ಔಷಧಿಯೂ ಮೊದಲ ಸಲ ಮುಖಾಮುಖಿಯಾಗುವ ಜಾಗ: ಊಟದ ತಟ್ಟೆ.

ಪ್ಯಾಂಕ್ರಿಯಾಸ್ ಕೆಟ್ಟಾಗ ಜಿಡ್ಡು ಕರಗಿಸುವ ಕಿಣ್ವ ಕರುಳಿಗೆ ಇಳಿಯುವುದಿಲ್ಲ. ತಿಂದದ್ದು ಮೈಗೆ ಹತ್ತುವುದಿಲ್ಲ. ಮಲ ಎಣ್ಣೆಯ ಪದರದೊಂದಿಗೆ ನೀರಿನ ಮೇಲೆ ತೇಲುತ್ತದೆ, ಎಷ್ಟು ನೀರು ಹಾಕಿದರೂ ಹೋಗುವುದಿಲ್ಲ, ನಾತ ಬೇರೆ. ಇದಕ್ಕೆ ಮನೆಯವರ ಮೊದಲ ಪರಿಹಾರ ಜಿಡ್ಡು ನಿಲ್ಲಿಸುವುದು. ತೂಕ ಇನ್ನಷ್ಟು ಇಳಿಯುತ್ತದೆ. ಬೇಕಾಗಿರುವುದು ಆ ಕಿಣ್ವವೇ ತುಂಬಿರುವ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್. ದೊಡ್ಡವರಿಗೆ ಸಾಮಾನ್ಯವಾಗಿ ಶುರು ಮಾಡುವ ಪ್ರಮಾಣ ಊಟಕ್ಕೆ 40,000ದಿಂದ 50,000 ಯೂನಿಟ್, ತಿಂಡಿ ಅಥವಾ ಹಾಲಿಗೆ 25,000. ಅಂದರೆ 25,000ದ ಕ್ಯಾಪ್ಸೂಲಾದರೆ ಊಟಕ್ಕೆ ಎರಡು, ಒಂದು ಲೋಟ ಹಾಲಿಗೆ ಒಂದು. ನುಂಗುವ ಹೊತ್ತು ಮುಖ್ಯ. ತಟ್ಟೆಯಲ್ಲಿ ಎರಡು ಇಡ್ಲಿ, ತುಪ್ಪ, ಚಟ್ನಿ ಇವೆ ಅಂದುಕೊಳ್ಳಿ: ಮೊದಲ ತುತ್ತು ಬಾಯಿಗೆ ಹೋದ ಕೂಡಲೇ ಒಂದು, ಒಂದು ಇಡ್ಲಿ ಮುಗಿದ ಮೇಲೆ ಇನ್ನೊಂದು. ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಿದರೂ ಕೈ ತೊಳೆದ ಮೇಲೆ ನುಂಗಿದರೂ ಅದು ಅನ್ನದ ಜೊತೆ ಬೆರೆಯುವುದಿಲ್ಲ. "ಊಟ ಆದ್ಮೇಲೆ ಮಾತ್ರೆ" ಎಂಬ ನಮ್ಮ ಹಳೇ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಕ್ಯಾಪ್ಸೂಲ್ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಬಹಳ ಜನರ ತೊಂದರೆ ಇಷ್ಟೇ. ನುಂಗಲಾಗದವರಿಗೆ ಕ್ಯಾಪ್ಸೂಲ್ ಬಿಚ್ಚಿ ಕಾಳುಗಳನ್ನು ಒಂದು ಚಮಚ ಮೊಸರಿನಲ್ಲಿ ಕಲಸಿ ಕೊಡಬಹುದು. ಅಗಿಯಬಾರದು, ಬಿಸಿ ಸಾರಿಗೆ ಹಾಕಬಾರದು, ಮೇಲೆ ನೀರು ಕುಡಿದು ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಬಾಯಿ ಹುಣ್ಣಾಗುತ್ತದೆ. ಬರೀ ಹಣ್ಣಿನ ಹೋಳುಗಳಿಗೆ, ಹಾಲಿಲ್ಲದ ಕಾಫಿಗೆ ಇದು ಬೇಡ. ದೇವಸ್ಥಾನದ ಸಿಹಿ ಪೊಂಗಲಿಗೆ ಖಂಡಿತ ಬೇಕು. ಆದ್ದರಿಂದ ಎರಡು ಕ್ಯಾಪ್ಸೂಲ್ ಜೇಬಿನಲ್ಲಿರಲಿ.

ಈ ಕಿಣ್ವ ತೆಗೆಯುವುದು ಹಂದಿಯ ಪ್ಯಾಂಕ್ರಿಯಾಸಿನಿಂದ. ಇದನ್ನು ಹೇಳದೆ ಕೊಡುವ ಮನೆಗಳಿವೆ. ಹೇಳಿದರೆ ತೆಗೆದುಕೊಳ್ಳುವುದಿಲ್ಲ ಎಂಬ ಭಯ. ನಮ್ಮ ಅಭಿಪ್ರಾಯ ಸ್ಪಷ್ಟ: ಹೇಳಲೇಬೇಕು. ಡಬ್ಬಿಯ ಚೀಟಿ ಓದಿದ ಮೊಮ್ಮಗನಿಂದ ಮೂರನೇ ತಿಂಗಳಿನಲ್ಲಿ ಗೊತ್ತಾದರೆ ಔಷಧಿಯೊಂದೇ ಅಲ್ಲ, ಔಷಧಿ ಕೊಟ್ಟ ಕೈಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಮುಸ್ಲಿಮರಲ್ಲಿ ಬೇರೆ ದಾರಿಯಿಲ್ಲದ ಅನಿವಾರ್ಯತೆಯಲ್ಲಿ ನಿಷೇಧ ಸಡಿಲವಾಗುತ್ತದೆ ಎಂಬ ತತ್ವವಿದೆ. ಮಸೀದಿಯ ಇಮಾಮರ ಬಾಯಿಂದ ಆ ಮಾತು ಬಂದರೆ ಡಾಕ್ಟರು ಹತ್ತು ಸಲ ಹೇಳಿದ್ದಕ್ಕಿಂತ ಹೆಚ್ಚು ತೂಕ. ಮಾಂಸ ಮುಟ್ಟದ ಮನೆಗಳಲ್ಲಿ ಆಪತ್ತಿನಲ್ಲಿ ನಿಯಮ ಸಡಿಲವಾಗುವ ಆಪದ್ಧರ್ಮ ಎಂಬ ಮಾತಿದೆ, ಅದನ್ನು ಹೇಳಲು ಪುರೋಹಿತರನ್ನೋ ಮಠದ ಸ್ವಾಮಿಗಳನ್ನೋ ಕೇಳಿ. ಇಷ್ಟಾದ ಮೇಲೂ "ಬೇಡ" ಎಂದರೆ ಬೇಡ. ಆಗ ಡಯೆಟಿಷಿಯನ್ ಜೊತೆ ಕೂತು ಜಿಡ್ಡು ಕಡಿಮೆ ಮಾಡಿ ಬೇರೆ ರೀತಿ ಕ್ಯಾಲೊರಿ ಹೊಂದಿಸಬೇಕು. ಮೆಡಿಕಲ್ ಶಾಪಿನ ಜೀರ್ಣದ ಸಿರಪ್ಪು ಇದಕ್ಕೆ ಬದಲಿ ಅಲ್ಲ, ಜಿಡ್ಡು ಕರಗಿಸುವಷ್ಟು ಶಕ್ತಿ ಅದರಲ್ಲಿ ಇಲ್ಲ. ಅಂದಹಾಗೆ, ಈ ಕ್ಯಾನ್ಸರಿನಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚು; ಒಂದೇ ಕಾಲು ಊದುವುದು, ಇದ್ದಕ್ಕಿದ್ದಂತೆ ಏದುಸಿರು ಬರುವುದು ಅದರ ಗುರುತು. ಅದಕ್ಕೆ ಕೊಡುವ ಹೆಪಾರಿನ್ ಜಾತಿಯ ಚುಚ್ಚುಮದ್ದೂ ಹಂದಿಯ ಕರುಳಿನಿಂದಲೇ ಬರುವುದು. ಅಲ್ಲಿ ಮಾತ್ರೆಯ ಆಯ್ಕೆ ಇರುತ್ತದೆ, ಕೇಳಬೇಕು.

ಉಪವಾಸದ ಮಾತು. ಪ್ಯಾಂಕ್ರಿಯಾಸ್ ಹಾಳಾದಾಗ ಬರುವ ಸಕ್ಕರೆ ಕಾಯಿಲೆ ಮಾಮೂಲಿಯದ್ದಕ್ಕಿಂತ ಚಂಚಲ. ಸಕ್ಕರೆ ಏರಿಸುವ ಹಾರ್ಮೋನೂ ಅದೇ ಗ್ರಂಥಿಯಿಂದ ಬರಬೇಕಾದ್ದರಿಂದ, ಇನ್ಸುಲಿನ್ ಹಾಕಿಕೊಂಡು ಊಟ ಬಿಟ್ಟರೆ ಸಕ್ಕರೆ ಧಸಕ್ಕನೆ ಕುಸಿಯುತ್ತದೆ. 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏಕಾದಶಿಯ ಕಟ್ಟು ರೋಗಿಗಳಿಗೆ ಇಲ್ಲ ಎಂದು ಶಾಸ್ತ್ರವೇ ಹೇಳುತ್ತದೆ. ರಂಜಾನಿನಲ್ಲಿ ಗುಣವಾಗುವ ಭರವಸೆ ಇಲ್ಲದ ರೋಗಿ ಉಪವಾಸದ ಬದಲು ಒಂದೊಂದು ದಿನಕ್ಕೆ ಒಬ್ಬ ಬಡವರಿಗೆ ಊಟ ಕೊಡಬಹುದು. ಕ್ಯಾಥೊಲಿಕ್ಕರಲ್ಲೂ ರೋಗಿಗಳಿಗೆ ವಿನಾಯಿತಿ ಇದೆ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರು ಆರು ಸಣ್ಣ ಊಟಗಳನ್ನು ಹಗಲಿನಲ್ಲೇ ಹೊಂದಿಸಿಕೊಂಡು, ಸಂಜೆಯ ಇನ್ಸುಲಿನ್ ಪ್ರಮಾಣ ಬದಲಿಸಲು ವೈದ್ಯರನ್ನು ಮೊದಲೇ ಕೇಳಬೇಕು. "ಉಪವಾಸ ಮಾಡಬೇಡಿ" ಎಂದಷ್ಟೇ ಹೇಳಿ ಎದ್ದುಹೋದರೆ ನಲವತ್ತು ವರ್ಷ ಸೋಮವಾರ ಬಿಡದವರಿಗೆ ಏನೋ ಕಿತ್ತುಕೊಂಡ ಹಾಗಾಗುತ್ತದೆ. ಅವತ್ತು ಅಕ್ಕಿಯ ಬದಲು ಅವಲಕ್ಕಿಯೋ ಹಣ್ಣೋ, ಅವತ್ತು ಮಾತು ಕಡಿಮೆಯೋ, ಏನೋ ಒಂದು ವ್ರತ ಉಳಿಯಲಿ.

ಕಿಮೋ ಶುರುವಾದ ಮೇಲೆ ಗೋಡೆಗೆ ಒಂದು ಕ್ಯಾಲೆಂಡರ್ ಬೇಕು, ಹಬ್ಬಗಳು ಅಚ್ಚಾಗಿರುವ ನಮ್ಮ ಪಂಚಾಂಗದ್ದೇ ಇರಲಿ. ಸಾಮಾನ್ಯವಾಗಿ ಕೊಡುವುದು ಎರಡು ಬಗೆ. ಫಾಲ್ಫಿರಿನಾಕ್ಸ್ ಎಂಬುದು 14 ದಿನಕ್ಕೊಮ್ಮೆ. ಅದರಲ್ಲಿ ಒಂದು ಔಷಧಿ 46 ಗಂಟೆ ಸೊಂಟಕ್ಕೆ ಕಟ್ಟಿದ ಪಂಪಿನಿಂದ ಹನಿಯುತ್ತದೆ. ಇನ್ನೊಂದು ಜೆಮ್ಸಿಟಾಬಿನ್ ಮತ್ತು ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್, ವಾರಕ್ಕೊಮ್ಮೆ ಮೂರು ವಾರ, ನಾಲ್ಕನೆಯ ವಾರ ಬಿಡುವು. ಕಿಮೋ ಆದ ಒಂದು ವಾರದ ಆಸುಪಾಸು ಬಿಳಿ ರಕ್ತಕಣ ತಳ ಮುಟ್ಟುತ್ತದೆ. ಆ ದಿನಗಳಿಗೆ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಎಳೆಯಿರಿ: ಜಾತ್ರೆ ಬೇಡ, ಮದುವೆ ಮನೆ ಬೇಡ, ತೇರು ಬೇಡ, ಹಸಿ ಹಾಲಿನ ಪಂಚಾಮೃತ ಬೇಡ, ಸಾಲಿನಲ್ಲಿ ಎಲ್ಲರ ಕೈ ಮುಟ್ಟಿದ ತೀರ್ಥ ಬೇಡ. ತೀರ್ಥವನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು. ದೇವಸ್ಥಾನಕ್ಕೆ ಹೋಗಲೇಬೇಕೆಂದರೆ ಮುಂದಿನ ಕಿಮೋಗೆ ಎರಡು ಮೂರು ದಿನ ಮುಂಚೆ, ಬಿಡುವಿನ ವಾರ ಇದ್ದವರು ಅದರ ಕೊನೆಯಲ್ಲಿ, ಬೆಳಗ್ಗೆ ಬಾಗಿಲು ತೆಗೆದ ಕೂಡಲೇ, ಮಾಸ್ಕ್ ಹಾಕಿಕೊಂಡು. ಬಸ್ಸು ಕಾರಿನ ದೂರದ ಪ್ರಯಾಣವಾದರೆ ಒಂದೆರಡು ಗಂಟೆಗೊಮ್ಮೆ ಇಳಿದು ನಡೆಯಬೇಕು, ಹೆಪ್ಪುಗಟ್ಟುವ ರಕ್ತದ ಕಾರಣಕ್ಕೆ.

ಅದೇ ಕ್ಯಾಲೆಂಡರಿನಲ್ಲಿ ಇನ್ನೊಂದು ಗುರುತು ಸ್ಟೆಂಟಿನದ್ದು. ಸ್ಟೆಂಟ್ ಅಂದರೆ ಕಾಮಾಲೆ ಇಳಿಸಲು ಪಿತ್ತನಾಳದೊಳಗೆ ಕೂರಿಸುವ ಸಣ್ಣ ಕೊಳವೆ. ಹಾಕಿದ್ದು ಪ್ಲಾಸ್ಟಿಕ್ ಸ್ಟೆಂಟಾದರೆ ಸುಮಾರು ಮೂರು ತಿಂಗಳಿಗೆ ಬದಲಿಸಬೇಕು. ಲೋಹದ್ದು ಹೆಚ್ಚು ಕಾಲ ಬರುತ್ತದೆ. ಗೌರಿ ಹಬ್ಬದ ಹೊತ್ತಿಗೆ ಹಾಕಿಸಿದ್ದರೆ ದೀಪಾವಳಿ ಕಳೆದು ಸುಮಾರು ಒಂದು ತಿಂಗಳಿಗೆ ಅವಧಿ ಮುಗಿಯಿತೆಂದು ಲೆಕ್ಕ. ಕಟ್ಟಿಕೊಂಡರೆ ಚಳಿ ನಡುಕದ ಜ್ವರ, ಮತ್ತೆ ಹಳದಿ. ಜ್ವರ 100.4 ಡಿಗ್ರಿ ದಾಟಿದರೆ, ಕಿಮೋ ಜ್ವರವಾಗಲಿ ಸ್ಟೆಂಟ್ ಜ್ವರವಾಗಲಿ, ಡೋಲೊ ನುಂಗಿ ಬೆಳಗಾಗಲಿ ಎಂದು ಕಾಯಬಾರದು. ಆಗಲೇ ಹೊರಡಬೇಕು.

ಆಕ್ಸಾಲಿಪ್ಲಾಟಿನ್ ಎಂಬ ಔಷಧಿ ಫಾಲ್ಫಿರಿನಾಕ್ಸಿನಲ್ಲಿ ಇರುತ್ತದೆ. ಅದು ಹೋದ ಮೊದಲ ಐದಾರು ದಿನ ತಣ್ಣಗಿನದು ಏನು ತಾಗಿದರೂ ಬೆರಳಿಗೆ ಕರೆಂಟ್ ಹೊಡೆದ ಹಾಗಾಗುತ್ತದೆ, ತಣ್ಣೀರು ಗಂಟಲಿಗೆ ಇಳಿದರೆ ಉಸಿರೇ ಕಟ್ಟಿದ ಭಾಸ. ಮಡಿಯ ತಣ್ಣೀರು ಸ್ನಾನ, ಒದ್ದೆ ಪಂಚೆ, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ಮುಂಜಾನೆಯ ವುಜೂ, ಅಭಿಷೇಕದ ಬಿಂದಿಗೆ ಎಲ್ಲಕ್ಕೂ ಆ ದಿನಗಳಲ್ಲಿ ಬೆಚ್ಚಗಿನ ನೀರು. ವುಜೂ ಮಾಡಲಾಗದಿದ್ದರೆ ನೀರಿನ ಬದಲು ಶುದ್ಧ ಮಣ್ಣು ಮುಟ್ಟಿ ಮಾಡುವ ತಯಮ್ಮುಮ್ ಇದೆ. ಕೆಲವು ತಿಂಗಳ ಮೇಲೆ ಇದೇ ಔಷಧಿಯಿಂದಲೂ ಪ್ಯಾಕ್ಲಿಟ್ಯಾಕ್ಸೆಲಿನಿಂದಲೂ ಅಂಗಾಲು ಮರಗಟ್ಟುತ್ತದೆ, ಚಪ್ಪಲಿ ಕಾಲಿನಿಂದ ಜಾರಿದ್ದೂ ಗೊತ್ತಾಗುವುದಿಲ್ಲ. ಅಂಥ ಕಾಲಿನಲ್ಲಿ ಮಧ್ಯಾಹ್ನದ ಬಿಸಿ ಕಲ್ಲುಹಾಸಿನ ಮೇಲೆ ಬರಿಗಾಲ ಪ್ರದಕ್ಷಿಣೆ ಹಾಕಿದರೆ ಬೊಬ್ಬೆ ಎದ್ದದ್ದು ಮನೆಗೆ ಬಂದು ಕಾಲು ತೊಳೆಯುವಾಗಲೇ ಕಾಣುವುದು. ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ, ಯಾವ ದೇವರೂ ಬೇಡ ಅನ್ನುವುದಿಲ್ಲ. ಮಂಗಳಾರತಿ ತೆಗೆದುಕೊಳ್ಳುವಾಗಲೂ ಮರಗಟ್ಟಿದ ಬೆರಳು ಉರಿಗೆ ತೀರ ಹತ್ತಿರ ಹೋಗದಂತೆ ಪಕ್ಕದವರು ನೋಡಿಕೊಳ್ಳಬೇಕು. ಔಷಧಿ ಹಾಕಲು ಎದೆಯ ಚರ್ಮದಡಿ ಕೂರಿಸಿದ ಕಿಮೋ ಪೋರ್ಟ್ ಇದ್ದವರು, ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಆರು ವಾರ ಆಗದವರು ಸಾಷ್ಟಾಂಗ ಹಾಕಬಾರದು; ಕುರ್ಚಿಯಲ್ಲಿ ಕೂತೇ ನಮಸ್ಕಾರ, ಕೂತೇ ನಮಾಜು.

ಮುಡಿ ಕೊಡುವ ಹರಕೆ ಇದ್ದವರಿಗೆ ಒಂದು ಸೂಚನೆ. ಪ್ಯಾಕ್ಲಿಟ್ಯಾಕ್ಸೆಲ್ ಹೋದ ಎರಡು ಮೂರು ವಾರಕ್ಕೆ ಕೂದಲು ಹೇಗೂ ಉದುರುತ್ತದೆ. ಮೊದಲ ಕಿಮೋಗೆ ಮುಂಚೆಯೇ ಕೊಟ್ಟುಬಂದರೆ ಉದುರಿದ್ದು ಕಾಯಿಲೆಗಲ್ಲ, ದೇವರಿಗೆ ಹೋಯಿತು ಎಂಬ ಸಮಾಧಾನ ಉಳಿಯುತ್ತದೆ. ಕಿಮೋ ನಡುವೆ ಪ್ಲೇಟ್‌ಲೆಟ್ ಇಳಿದಾಗ ಕತ್ತಿ ಹಚ್ಚಿಸಬೇಡಿ, ಸಣ್ಣ ಗೀರಿನ ರಕ್ತವೂ ನಿಲ್ಲುವುದಿಲ್ಲ. ಇನ್ನು ಉರುಳು ಸೇವೆ, ಬೆಟ್ಟ ಹತ್ತುವುದು, ಪಾದಯಾತ್ರೆ: ಹರಕೆ ಹೊತ್ತವರು ಮನೆಯವರಾದರೂ ತೀರಿಸುವ ಭಾರ ರೋಗಿಯ ಮೈ ಮೇಲೆ ಬೀಳುವುದೇ ಹೆಚ್ಚು. ಇದಕ್ಕೆ ನಮ್ಮಲ್ಲೇ ಹಳೆಯ ದಾರಿ ಇದೆ. ಅರಿಶಿನ ಹಚ್ಚಿದ ಬಟ್ಟೆಯ ತುಂಡು, ಒಂದು ನಾಣ್ಯ, ಮನಸ್ಸಿನಲ್ಲಿ ಒಂದು ಮಾತು, ಗಂಟು ಹಾಕಿ ದೇವರ ಮುಂದೆ ಇಡುವುದು. ಮುಡಿಪು ಕಟ್ಟಿದ್ದಾದರೆ ಹರಕೆ ಮರೆತಂತಲ್ಲ, ಮುಂದಕ್ಕೆ ಹೋಯಿತು ಅಷ್ಟೇ. ರೋಗಿಯ ಕೈಯಿಂದಲೇ ಗಂಟು ಹಾಕಿಸಿ, ಯಾರು ಯಾವಾಗ ತೀರಿಸುತ್ತಾರೆ ಎಂದು ಅವರೆದುರೇ ಒಪ್ಪಿಕೊಳ್ಳಿ. ಬಾಕಿ ಹರಕೆಯ ಚಿಂತೆಯಲ್ಲಿ ನಿದ್ದೆ ಬಿಟ್ಟವರಿಗೆ ನಿದ್ದೆ ಮಾತ್ರೆಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಎಂ.ಆರ್.ಐ. ಕೊಠಡಿಗೆ ಮಾಂಗಲ್ಯ, ಕಾಲುಂಗುರ, ತಾಯತ, ಇಷ್ಟಲಿಂಗದ ಬೆಳ್ಳಿ ಕರಡಿಗೆ ಯಾವುದೂ ಹೋಗುವಂತಿಲ್ಲ. ಸ್ಟ್ರೆಚರ್ ಮೇಲೆ ಮಲಗಿದಾಗ ತೆಗೆಯಿರಿ ಎಂದರೆ ಆಗುವ ಗಲಾಟೆ ಬೇಡ. ಹಿಂದಿನ ರಾತ್ರಿಯೇ ಮನೆಯಲ್ಲಿ ಮಾಂಗಲ್ಯದ ಬದಲು ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಳ್ಳಲಿ. ಕರಡಿಗೆ ಹಿಡಿದು ಹೊರಗೆ ಕೂರುವವರು ಯಾರೆಂದು ರೋಗಿಯೇ ಹೇಳಲಿ.

ನೋವು. ಗಡ್ಡೆ ಬೆನ್ನುಮೂಳೆಯ ಮುಂದಿನ ನರಜಾಲವನ್ನು ಒತ್ತುವುದರಿಂದ ಅಂಗಾತ ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಕಡಿಮೆ. ಮೇಜಿನ ಮೇಲೆ ಎರಡು ದಿಂಬು ಇಟ್ಟು ಅದರ ಮೇಲೆ ಒರಗಿ ನಿದ್ದೆ ಮಾಡುವವರಿದ್ದಾರೆ. ಮಾರ್ಫಿನ್ ಹೆಸರು ಕೇಳಿದ ಕೂಡಲೇ "ಕೊನೆ ಮಾತ್ರೆ ಕೊಟ್ಬಿಟ್ರು" ಎಂದು ಮನೆಯವರು ಅಳುತ್ತಾರೆ. ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ನೋವಿಗೆ ತಕ್ಕಷ್ಟು ಕೊಟ್ಟರೆ ಚಟವಾಗುವುದೂ ಅಪರೂಪ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಇದನ್ನು ಇಟ್ಟುಕೊಳ್ಳುವುದು ಸುಲಭವಾಗಿದೆ. ಮಾಮೂಲಿ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ, ನೋವು ಬರಲಿ ಬಿಡಲಿ, ಗಡಿಯಾರ ನೋಡಿ. ರಾತ್ರಿ ಎರಡಕ್ಕೆ ಎಬ್ಬಿಸುವುದು ತಪ್ಪಲೆಂದು ಮಲಗುವ ಹೊತ್ತಿಗೆ ಎರಡರಷ್ಟು ಬರೆದುಕೊಡುವುದುಂಟು. ಮೊದಲ ದಿನದಿಂದಲೇ ಮಲ ಸಡಿಲಿಸುವ ಮಾತ್ರೆ ಜೊತೆಗಿರಬೇಕು. ಇದನ್ನು ಬಿಟ್ಟವರು ನಾಲ್ಕನೇ ದಿನ ಹೊಟ್ಟೆ ಕಟ್ಟಿ ಮಾರ್ಫಿನ್ನನ್ನೇ ಬೈಯುತ್ತಾರೆ. ಮಂಪರು ಎರಡು ಮೂರು ದಿನಕ್ಕೆ, ಓಕರಿಕೆ ಒಂದು ವಾರದೊಳಗೆ ಸಾಮಾನ್ಯವಾಗಿ ಹೋಗುತ್ತದೆ.

"ಮಾತ್ರೆ ತಗೊಂಡ್ರೆ ಜಪಕ್ಕೆ ಮನಸ್ಸು ನಿಲ್ಲಲ್ಲ" ಎಂದು ನೋವು ಕಚ್ಚಿಕೊಂಡು ಕೂರುವವರಿದ್ದಾರೆ. ಆ ನೋವಿನಲ್ಲಿ ಜಪ ಹತ್ತು ಮಣಿ ದಾಟುವುದಿಲ್ಲ. ಪೂಜೆಗೋ ನಮಾಜಿಗೋ ಕೂರುವ ಸುಮಾರು ಒಂದು ಗಂಟೆ ಮುಂಚೆ ಮಾತ್ರೆಯ ಸರದಿ ಬರುವಂತೆ ವೇಳೆ ಹೊಂದಿಸಿಕೊಳ್ಳಿ, ಆ ಹೊತ್ತಿಗೆ ಅದರ ಬಲ ಪೂರ್ತಿ ಇರುತ್ತದೆ. ಮಾರ್ಫಿನ್ ಸಾಲದಿದ್ದರೆ ಅಥವಾ ಮಂಪರು ಸಹಿಸಲಾಗದಿದ್ದರೆ ನರಜಾಲಕ್ಕೇ ಚುಚ್ಚುಮದ್ದು ಕೊಟ್ಟು ನೋವು ತಡೆಯುವ ಸೀಲಿಯಾಕ್ ಬ್ಲಾಕ್ ಇದೆ. ರೋಗಿ ಸೊರಗಿ ಹೋಗುವ ಮೊದಲೇ ಅದರ ಬಗ್ಗೆ ಕೇಳಬೇಕು.

ಈ ಕ್ಯಾನ್ಸರಿನಲ್ಲಿ ಖಿನ್ನತೆ ಮಿಕ್ಕವುಗಳಿಗಿಂತ ಹೆಚ್ಚು, ಕೆಲವರಲ್ಲಿ ಗಡ್ಡೆ ಪತ್ತೆಯಾಗುವ ಮುಂಚೆಯೇ ಶುರು. ದಿನಾ ದೀಪ ಹಚ್ಚುತ್ತಿದ್ದವರು ಎರಡು ವಾರದಿಂದ ಹಚ್ಚಿಲ್ಲ, ಮೊಮ್ಮಗು ಬಂದರೂ ಗೋಡೆ ಕಡೆ ತಿರುಗಿಕೊಳ್ಳುತ್ತಾರೆ, "ದೇವರಿಲ್ಲ ಬಿಡು" ಅನ್ನುತ್ತಾರೆ ಎಂದರೆ ಅದು ಭಕ್ತಿ ಕಡಿಮೆಯಾದದ್ದಲ್ಲ, ಔಷಧಿ ಇರುವ ಕಾಯಿಲೆ ಇರಬಹುದು. ಊಟವನ್ನೂ ನಿದ್ದೆಯನ್ನೂ ಜೊತೆಗೇ ಸುಧಾರಿಸುವ ಖಿನ್ನತೆಯ ಮಾತ್ರೆಗಳಿವೆ, ವೈದ್ಯರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣವಿಲ್ಲ. ನೋಡಿಕೊಳ್ಳುವವರಿಗೂ ಅದೇ ನಂಬರ್.

"ಯಾವ ಜನ್ಮದ ಪಾಪವೋ" ಎಂಬ ಪ್ರಶ್ನೆಗೆ ಉತ್ತರ ಕೊಡಲು ಹೋಗಬೇಡಿ, ಅದು ಉತ್ತರಕ್ಕಾಗಿ ಕೇಳಿದ್ದಲ್ಲ. ಆದರೆ ಕೆಲವರಿಗೆ ಕಾರಣ ತಿಳಿದರೆ ಹಗುರವಾಗುತ್ತದೆ. ಬೀಡಿ ಸಿಗರೇಟು, ಹಳೆಯ ಪ್ಯಾಂಕ್ರಿಯಾಟೈಟಿಸ್ (ಅದೇ ಗ್ರಂಥಿಯ ಉರಿಯೂತ), ವಂಶದಲ್ಲಿ ಬರುವ ಜೀನಿನ ದೋಷ ಇವು ಗೊತ್ತಿರುವ ಕಾರಣಗಳು. ಬಹಳ ಜನರಲ್ಲಿ ಇಂಥದ್ದೇ ಎಂದು ಬೊಟ್ಟುಮಾಡಲು ಏನೂ ಸಿಗುವುದಿಲ್ಲ. ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ 1996ರಲ್ಲಿ ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳನ್ನು ನಾಲ್ಕು ಬಗೆಯಾಗಿ ಜೋಡಿಸಿದರು. ನಮ್ಮ ಮಾತಿನಲ್ಲಿ ಅವು ಹೀಗಾಗುತ್ತವೆ: ಕಷ್ಟ ಬಂದಾಗ ಯಾವುದನ್ನು ಹಿಡ್ಕೋತೀರಿ? ಈ ಕಾಯಿಲೆಯಲ್ಲಿ ಅದು ನಿಮಗೆ ಎಷ್ಟು ಮುಖ್ಯ? ನಿಮ್ಮ ಜೊತೆ ಕೂತು ಅದನ್ನ ಮಾಡೋರು ಯಾರಿದ್ದಾರೆ? ಅದಕ್ಕೆ ನಾವೇನು ಮಾಡ್ಲಿ? ಉತ್ತರ ದೇವರೇ ಆಗಬೇಕಿಲ್ಲ. ತೋಟ, ರೇಡಿಯೊದ ಶಾಸ್ತ್ರೀಯ ಸಂಗೀತ, ಸಂಘದ ಗೆಳೆಯರು ಎನ್ನುವವರಿಗೂ ಅದೇ ಏರ್ಪಾಡು. ಕ್ಯಾಥೊಲಿಕ್ಕರಿಗೆ ಒಂದು ಮಾತು: ಗುರುಗಳಿಂದ ಪಡೆಯುವ ಪವಿತ್ರ ತೈಲಲೇಪನ ಕೊನೆಯುಸಿರಿನದ್ದಷ್ಟೇ ಅಲ್ಲ, ಕಾಯಿಲೆಯ ನಡುವೆಯೂ ಪಡೆಯಬಹುದು, ಮತ್ತೆಯೂ ಪಡೆಯಬಹುದು.

ನೋಡಲು ಬರುವ ನೆಂಟರು ಎಂಬುದು ಇನ್ನೊಂದು ಪರೀಕ್ಷೆ. ಒಬ್ಬರು ಲಕ್ಷ್ಮಣಫಲದ ಎಲೆ, ಒಬ್ಬರು ಗೋಮೂತ್ರ, ಒಬ್ಬರು ಯಾರದೋ ತೊಗಟೆ ಪುಡಿ ತರುತ್ತಾರೆ. ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲೇ ದಾಖಲಾಗಿವೆ. ಕಾಮಾಲೆಯಿಂದ ಆಗಲೇ ಬಳಲಿದ ಲಿವರಿಗೆ ಕಿಮೋ ಜೊತೆ ಇದೂ ಸೇರಬಾರದು. ಏನೇ ಕೊಡುವುದಿದ್ದರೂ ವೈದ್ಯರಿಗೆ ಪೊಟ್ಟಣ ತೋರಿಸಿಯೇ ಕೊಡಿ. "ಏನಾದ್ರೂ ಬೇಕಾದ್ರೆ ಹೇಳಿ" ಎನ್ನುವವರಿಗೆ ಅಲ್ಲೇ ಕೆಲಸ ಹೇಳಿಬಿಡಿ: ಗುರುವಾರ ಕಿಮೋ ವಾರ್ಡಿನಲ್ಲಿ ಕೂರುವುದು, ಎರಡು ವಾರಕ್ಕೊಮ್ಮೆ ರಕ್ತಪರೀಕ್ಷೆಯ ರಿಪೋರ್ಟ್ ತರುವುದು, ಭಾನುವಾರ ಮಧ್ಯಾಹ್ನ ಮೂರು ಗಂಟೆ ಹೊತ್ತು ರೋಗಿಯ ಪಕ್ಕ ಕೂತು, ದಿನಾ ನೋಡಿಕೊಳ್ಳುವ ಅತ್ತಿಗೆಯನ್ನು ಮಲಗಲು ಬಿಡುವುದು. ಹೆಸರು, ವಾರ, ಗಂಟೆ ಬರೆದು ಅದೇ ಕ್ಯಾಲೆಂಡರ್ ಪಕ್ಕ ಅಂಟಿಸಿ.

ಎಚ್ಚರ ಚೆನ್ನಾಗಿರುವಾಗಲೇ ಮಾಡಿಡಬೇಕಾದ ಕಾಗದ ಒಂದಿದೆ. ಗುಣವಾಗದ ಹಂತದಲ್ಲಿ ವೆಂಟಿಲೇಟರ್ ಬೇಕೋ ಬೇಡವೋ, ತನ್ನ ಪರವಾಗಿ ಮಾತಾಡುವವರು ಯಾರು ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಕ್ರಮ ಸರಳ ಮಾಡಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಮನೆಯಲ್ಲೇ ಇರಬೇಕು, ತುಳಸಿಕಟ್ಟೆ ಕಾಣುವ ಕಡೆ ಮಲಗಿಸಬೇಕು ಎಂಬಂಥ ಆಸೆಗಳನ್ನೂ ಬೇರೊಂದು ಹಾಳೆಯಲ್ಲಿ ಬರೆಸಿಟ್ಟುಕೊಳ್ಳಿ.

ಕೊನೆಯ ದಿನಗಳಲ್ಲಿ ನುಂಗುವ ಶಕ್ತಿ ಹೋಗುತ್ತದೆ. ಗಂಗಾಜಲ, ತುಳಸಿ ನೀರು, ಜಮ್‌ಜಮ್ ಯಾವುದನ್ನೂ ಲೋಟದಿಂದ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಹತ್ತಿಯನ್ನು ಅದ್ದಿ, ಹಿಂಡಿ, ತುಟಿಗೂ ಕೆನ್ನೆಯ ಒಳಮೈಗೂ ಸವರಿ. ಒಂದೆರಡು ಹನಿ ಸಾಕು, ಮನೆಯ ಪ್ರತಿಯೊಬ್ಬರೂ ಸರದಿಯಲ್ಲಿ ಸವರಬಹುದು. ಗಂಟಲಲ್ಲಿ ಗೊರಗೊರ ಸದ್ದು ಕೇಳುವವರಿಗೆ ಕಷ್ಟ, ಮಲಗಿದವರಿಗೆ ಅಷ್ಟಿಲ್ಲ. ಮಗ್ಗುಲು ಬದಲಿಸಿದರೆ ಸದ್ದು ತಗ್ಗುತ್ತದೆ. ಕಿವಿ ಕೇಳಿಸುತ್ತಿದೆ ಎಂದೇ ತಿಳಿದು ಮಾತಾಡಿ. ಸಹಸ್ರನಾಮವೋ ವಚನವೋ ಕಲಿಮಾವೋ ಮೆಲ್ಲಗೆ, ಮೊಬೈಲಿಗಿಂತ ಮನೆಯವರ ಬಾಯಲ್ಲೇ.

ಮನೆಯಲ್ಲೇ ಹೋದರೆ ಸಾವಿನ ಕಾರಣ ಬರೆದುಕೊಡಲು ಬರುವ ವೈದ್ಯರು ಯಾರೆಂದು ಒಂದೆರಡು ವಾರ ಮುಂಚೆಯೇ ಕೇಳಿಟ್ಟಿರಬೇಕು. ಆ ಚೀಟಿ ಹಿಡಿದು 21 ದಿನದೊಳಗೆ ನೋಂದಣಿ ಮಾಡಿಸಬೇಕು. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಚೀಟಿ ಸಮೇತ, ಕೊಟ್ಟ ಕೇಂದ್ರಕ್ಕೇ ಹಿಂತಿರುಗಿಸಿ. ಮುಡಿಪಿನ ಗಂಟು ಇನ್ನೂ ದೇವರ ಮನೆಯಲ್ಲಿ ಇರುತ್ತದೆ. ತೀರಿಸುತ್ತೇನೆಂದು ಒಪ್ಪಿಕೊಂಡವರ ಕೈಗೆ ಕೊಡುವುದೊಂದು ಬಾಕಿ.